ಕುಣಿದರೆ ದೆವ್ವ, ಮಲಗಿದರೆ ಸೋಮಾರಿ! ಆಕೆಯನ್ನು ಯಾರೂ ಕೇಳದ ಒಂದು ಪ್ರಶ್ನೆ

ಬಳ್ಳಾರಿ: ಬಟ್ಟೆ ಅಂಗಡಿಯವರಿಗೆ ಕೆಲವು ಸಂಗತಿ ಡಾಕ್ಟರಿಗಿಂತ ಮೊದಲೇ ಗೊತ್ತಾಗುತ್ತವೆ. ಬ್ರೂಸ್‌ಪೇಟೆ ಕಡೆಯ ಅಂಗಡಿ ಯಜಮಾನರೊಬ್ಬರು ಹೇಳಿದ್ದು ಕೇಳಿ. ವರ್ಷಕ್ಕೆ ಎರಡೇ ಸೀರೆ, ಯುಗಾದಿಗೊಂದು ದೀಪಾವಳಿಗೊಂದು, ಅದನ್ನೂ ಅರ್ಧ ಗಂಟೆ ಚೌಕಾಸಿ ಮಾಡಿ ಕಂತಿನಲ್ಲಿ ಒಯ್ಯುತ್ತಿದ್ದ ಹೆಂಗಸು. ಒಂದು ದಿನ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದಳು. ಹನ್ನೊಂದು ಸೀರೆ ತೆಗೆದಳು. ಒಂದರ ಬೆಲೆಯನ್ನೂ ಕೇಳಲಿಲ್ಲ. ಅದರಲ್ಲಿ ಒಂದನ್ನು ಅಂಗಡಿ ಮುಂದೆ ಕಸ ಗುಡಿಸುತ್ತಿದ್ದ ಅಜ್ಜಿಗೆ ಅಲ್ಲೇ ಉಡಿಸಿದಳು. ನಕ್ಕಳು, ಹಾಡಿದಳು, ನಾಲ್ಕು ಜನರ ಮಾತು ಒಬ್ಬಳೇ ಆಡಿದಳು. "ಖಾತೆಗೆ ಬರ್ಕೊಳ್ಳಿ ಸಾವ್ಕಾರ್ರೇ" ಅಂತ ಹೇಳಿ ಗಂಟು ಹೊತ್ತು ನಡೆದಳು.

"ವ್ಯಾಪಾರ ಯಾರಿಗೆ ಬ್ಯಾಡ ಹೇಳಿ? ಬರ್ಕಂಡೆ. ಆದ್ರೆ ಆಯಮ್ಮನ ಕಣ್ಣು ನೋಡಿ ಏನೋ ಸರಿ ಇಲ್ಲ ಅನ್ನಿಸ್ತು" ಅನ್ನುತ್ತಾರೆ ಯಜಮಾನರು.

ಹದಿನೈದು ದಿನಕ್ಕೆ ಆಕೆಯ ಮೈದುನ ಸೀರೆ ಗಂಟು ತಂದು ಕೌಂಟರ್ ಮೇಲೆ ಎಸೆದ. ದೊಡ್ಡ ಜಗಳ. ಇನ್ನೂ ಎರಡು ತಿಂಗಳಿಗೆ ಅದೇ ಹೆಂಗಸು ಅದೇ ರಸ್ತೆಯಲ್ಲಿ ಸೆರಗು ತಲೆಮೇಲೆ ಎಳೆದುಕೊಂಡು, ಯಾರನ್ನೂ ನೋಡದೆ, ಕಾಲೆಳೆಯುತ್ತಾ ಹೋದಳು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಆ ಹೊತ್ತಿಗೆ ಓಣಿಯಲ್ಲಿ ತೀರ್ಪು ಆಗಿಹೋಗಿತ್ತು. ರಾತ್ರಿ ಹಾಡಿಕೊಂಡು ತಿರುಗಿದಾಗ "ಗಾಳಿ ಸೋಕೈತೆ" ಅಂದರು. ಸಾಲ ಮಾಡಿ ಗಾಣಗಾಪುರಕ್ಕೆ ಕರೆದೊಯ್ದರು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಾಗ "ಮೈಗಳ್ಳಿ" ಅಂದರು. ಕುಣಿದರೆ ದೆವ್ವ, ಮಲಗಿದರೆ ಸೋಮಾರಿ.

ಆಕೆಯನ್ನು ನಾನು ಕಂಡು ಮಾತಾಡಿದ್ದೇನೆ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿದ್ದೇನೆ, ಆದ್ದರಿಂದ ಸಂಜೆ ಒಗ್ಗರಣೆ ಮಿರ್ಚಿ ತಿನ್ನುತ್ತಾ 'ಇದು ಯಾರ ಮನೆ ಕಥೆ' ಎಂದು ಲೆಕ್ಕ ಹಾಕಬೇಡಿ. ಸಿಗುವುದಿಲ್ಲ. ಅಕ್ಕ ಅನ್ನೋಣ, ಸಾಕು. ವಯಸ್ಸು ಮೂವತ್ತನಾಲ್ಕು. ಜೀನ್ಸ್ ಫ್ಯಾಕ್ಟರಿಯಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾಳೆ.

ಎರಡು ತುದಿಯ ಕಾಯಿಲೆ

ಅಕ್ಕನಿಗೆ ಇರುವುದು ಬೈಪೋಲಾರ್. ಪುಸ್ತಕದವರು ದ್ವಿಧ್ರುವಿ ಮನೋರೋಗ ಅನ್ನುತ್ತಾರೆ. ಒಂದು ತುದಿ ಉನ್ಮಾದ, ಇನ್ನೊಂದು ತುದಿ ಖಿನ್ನತೆ. ಜರ್ಮನಿಯ ಡಾಕ್ಟರ್ ಎಮಿಲ್ ಕ್ರೇಪೆಲಿನ್ 1899ರಲ್ಲಿ ಈ ಎರಡೂ ಒಂದೇ ಕಾಯಿಲೆಯ ಎರಡು ಮುಖ ಎಂದು ಹೆಸರಿಟ್ಟ. ಈಗಿನ ಹೆಸರು ವೈದ್ಯರ ಪಟ್ಟಿಗೆ ಬಂದದ್ದು 1980ರಲ್ಲಿ.

ಉನ್ಮಾದ ಅಂದರೆ ಬರೀ ಖುಷಿಯಲ್ಲ. ವಾರಗಟ್ಟಲೆ ಎರಡು ಮೂರು ಗಂಟೆ ನಿದ್ದೆ ಸಾಕಾಗುತ್ತದೆ, ಆದರೂ ದಣಿವಿಲ್ಲ. ಮಾತು ನಿಲ್ಲುವುದಿಲ್ಲ. ಕೈಯಲ್ಲಿ ಇಲ್ಲದ ದುಡ್ಡು ಖರ್ಚಾಗುತ್ತದೆ. ತಡೆದವರ ಮೇಲೆ ಸಿಟ್ಟು ಉರಿಯುತ್ತದೆ. ಖಿನ್ನತೆ ಬಂದಾಗ ಇದೆಲ್ಲ ತಿರುಗುಮುರುಗು. ಏಳಲು ಆಗದು, ಉಣ್ಣಲು ಬೇಡ, ಬದುಕಿದ್ದೇ ತಪ್ಪು ಅನ್ನಿಸುತ್ತದೆ. ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲರ ಹಾಗೇ ಇರುತ್ತಾರೆ. ಬೆಳಿಗ್ಗೆ ಸಿಟ್ಟು, ಸಂಜೆ ನಗು – ಅದು ಬೈಪೋಲಾರ್ ಅಲ್ಲ ಸ್ವಾಮಿ, ಅದು ಸಂಸಾರ.

ಕಾಯಿಲೆ ಗಂಡು ಹೆಣ್ಣು ಇಬ್ಬರಿಗೂ ಹೆಚ್ಚುಕಮ್ಮಿ ಸಮವಾಗಿಯೇ ಬರುತ್ತದೆ. ಆದರೆ ಹೆಂಗಸರು ಖಿನ್ನತೆಯ ತುದಿಯಲ್ಲಿ ಹೆಚ್ಚು ದಿನ ಕಳೆಯುತ್ತಾರೆ. ಆಸ್ಪತ್ರೆಗೆ ಬರುವುದೂ ಆಗಲೇ. ಡಾಕ್ಟರಿಗೆ ಕಾಣುವುದು ಅಳುವ ಹೆಂಗಸು, ಹಿಂದಿನ ವರ್ಷದ ಹಾಡು ಕುಣಿತ ಅವರ ಕಣ್ಣಿಗೆ ಬೀಳುವುದಿಲ್ಲ. ಬರೀ ಖಿನ್ನತೆಯ ಮಾತ್ರೆ ಬರೆದರೆ ಕೆಲವರು ಅಲ್ಲಿಂದ ನೇರ ಉನ್ಮಾದಕ್ಕೆ ಜಿಗಿಯುವುದುಂಟು. ಹೀಗಾಗಿ ಕಾಯಿಲೆಗೆ ಸರಿಯಾದ ಹೆಸರು ಸಿಗುವಷ್ಟರಲ್ಲಿ ಎಷ್ಟೋ ಜನಕ್ಕೆ ಐದು ಹತ್ತು ವರ್ಷ ದಾಟಿರುತ್ತದೆ. ಸಿಕ್ಕವರದು ಪುಣ್ಯ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಬೈಪೋಲಾರ್ ಇದ್ದವರಲ್ಲಿ ನೂರಕ್ಕೆ 70 ಜನ ಚಿಕಿತ್ಸೆಯೇ ಇಲ್ಲದೆ ಇದ್ದರು.

ಬಾಣಂತಿ ಸನ್ನಿ

ಸೀರೆ ಪ್ರಕರಣ ಅಕ್ಕನ ಮೊದಲ ಸುತ್ತೂ ಅಲ್ಲ, ಎರಡನೆಯದೂ ಅಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಮಗು. ಹೆರಿಗೆಯಾದ ನಾಲ್ಕನೇ ದಿನದಿಂದ ನಿದ್ದೆ ಹೋಯಿತು. ಮಗು ತನ್ನದಲ್ಲ, ಬದಲಾಯಿಸಿಬಿಟ್ಟಿದ್ದಾರೆ ಅಂದಳು. ಕಿಟಕಿ ಹತ್ತಿ ಕೂಗಿದಳು. ಹಿರಿಯರು "ಬಾಣಂತಿ ಸನ್ನಿ" ಅಂದರು.

ಇಲ್ಲಿ ಹಿರಿಯರನ್ನು ನಗಬೇಡಿ. ಹೆಸರು ಹಳೆಯದಾದರೂ ಅವರು ಗುರುತಿಸಿದ ಸಂಗತಿ ನಿಜ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುವ ಈ ಸನ್ನಿ ಎಷ್ಟೋ ಸಲ ಬೈಪೋಲಾರಿನ ಮೊದಲ ಗಂಟೆ. ಬೈಪೋಲಾರ್ ಇರುವ ತಾಯಂದಿರಲ್ಲಿ ಸುಮಾರು ಐವರಿಗೆ ಒಬ್ಬರು ಹೆರಿಗೆ ಆದ ಮೇಲೆ ಜೋರಾಗಿ ಮಲಗುತ್ತಾರೆ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವ ಹೊತ್ತು ಅದು. ಕಿವಿಗೆ ಹತ್ತಿ ಇಟ್ಟು ಕತ್ತಲೆ ಕೋಣೆಯಲ್ಲಿ ಕೂರಿಸಿದರೆ ಆಗುವುದಲ್ಲ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಜತೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಾರ್ಡ್ ಇದೆ. ಮೂರು ವರ್ಷದೊಳಗಿನ ಕೂಸನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ.

ಅಕ್ಕನಿಗೆ ಒಂದು ಆಸ್ಪತ್ರೆಯಲ್ಲಿ ಕೆಲವು ದಿನ ಇಂಜೆಕ್ಷನ್ ಕೊಟ್ಟರು. ಇಳಿಯಿತು. ಚೀಟಿ ದೇವರ ಪಟದ ಹಿಂದೆ ಸೇರಿತು. ಇಪ್ಪತ್ತೈದಕ್ಕೆ ಎರಡನೇ ಹೆರಿಗೆ, ಹೆಣ್ಣುಮಗು. ಮತ್ತೆ ಅದೇ. ಮತ್ತೆ ಇಂಜೆಕ್ಷನ್. ಇಷ್ಟಾದ ಮೇಲೂ ಸೀರೆ ಖರೀದಿಗೂ ಆ ಹಳೇ ಸನ್ನಿಗೂ ನಂಟಿದೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಾದರೂ ಕೇಳಿದ್ದು ಏನು? "ನಿದ್ದೆ ಬರ್ತಿದೆಯಾ? ಊಟ ಮಾಡ್ತಾಳಾ? ಮಾತ್ರೆ ಎಷ್ಟು ಉಳಿದಿದೆ?" ಅದೂ ಪಕ್ಕದಲ್ಲಿದ್ದ ಅತ್ತೆಯನ್ನು.

ನರ್ಸಮ್ಮ ಕೇಳಿದ ಪ್ರಶ್ನೆ

ಮೂರನೇ ಸಲ ದಾಖಲಾದಾಗ, ಅಂದರೆ ಮೊದಲ ಸನ್ನಿ ಆಗಿ ಹನ್ನೊಂದು ವರ್ಷಕ್ಕೆ, ಅತ್ತೆ ಚಾ ತರಲು ಹೋಗಿದ್ದ ಹತ್ತು ನಿಮಿಷದಲ್ಲಿ ಒಬ್ಬ ವಯಸ್ಸಾದ ನರ್ಸಮ್ಮ ಮಂಚದ ಅಂಚಿಗೆ ಕೂತು ಕೇಳಿದರಂತೆ: "ಚಿಕ್ಕೋಳಿದ್ದಾಗ ಮನ್ಯಾಗೆ ನಿನ್ನ ಹೆಂಗೆ ನೋಡ್ಕೊಂಡ್ರವ್ವಾ?"

ಅಕ್ಕ ಹೇಳುತ್ತಾಳೆ: "ಅಣ್ಣಾ, ಆ ಮಾತು ಕೇಳಿದ್ದೇ ತಡ, ಕಟ್ಟೆ ಒಡೆದಂಗಾತು. ಅಲ್ಲಿತನಕ ಯಾರೂ ಕೇಳಿದ್ದಿಲ್ಲ. ನಾನೂ ಹೇಳಿದ್ದಿಲ್ಲ. ಕೇಳಿದ್ರೆ ತಾನೇ ಹೇಳೋದು?"

ಆಕೆಗೆ ಒಂಬತ್ತು ತುಂಬುವಾಗ ತಾಯಿ ತೀರಿಕೊಂಡರು. ಅಪ್ಪ ಕುಡುಕ. ಶಾಲೆಗೆ ಹಾಕುತ್ತೇವೆಂದು ದೂರದ ನೆಂಟರು ಕರೆದುಕೊಂಡು ಹೋದರು. ಶಾಲೆಗಿಂತ ಮುಸುರೆ ತಿಕ್ಕಿದ್ದೇ ಹೆಚ್ಚು. ಆ ಮನೆಯಲ್ಲಿ ದೊಡ್ಡಪ್ಪ ಎಂದು ಕರೆಯಬೇಕಾಗಿದ್ದ ಮನುಷ್ಯ ಎರಡು ವರ್ಷ ಆಕೆಯ ಮೇಲೆ ಕೈ ಹಾಕಿದ. ಇದಕ್ಕಿಂತ ವಿವರ ಬೇಡ. ಒಂದು ದಿನ ಧೈರ್ಯ ಮಾಡಿ ದೊಡ್ಡಮ್ಮನಿಗೆ ಹೇಳಿದಳು. ಕಪಾಳಕ್ಕೆ ಬಿತ್ತು. "ಉಂಡ ಮನೆ ಜಂತಿ ಎಣಿಸ್ತೀಯೇನೇ?" ಅಂದರು. ಅದಾದ ಮೇಲೆ ಹದಿನೈದಕ್ಕೆ ಮದುವೆ ಮಾಡಿ ಕಳಿಸುವವರೆಗೆ ಆ ಮನೆಯಲ್ಲಿ ಆಕೆಯ ಹೆಸರು ಒಂದೇ: "ತಾಯಿನ ನುಂಗ್ಕಂಡೋಳು."

ನಾನು ಕೇಳಿದೆ, ಇದರಲ್ಲಿ ಯಾವುದು ಇನ್ನೂ ನೋಯುತ್ತದೆ ಅಂತ. ನನ್ನ ಲೆಕ್ಕ ಬೇರೆ ಇತ್ತು. ಆಕೆ ಅಂದದ್ದು: "ಆ ಮುದುಕ ಸತ್ತ. ಆ ಮಾತು ಸಾಯ್ಲಿಲ್ಲ ಅಣ್ಣಾ."

ಇದನ್ನು ಓದಿ 'ಹೆಂಗಸರ ಮನಸ್ಸು ಮೆತ್ತಗೆ' ಎಂದು ಪುಟ ತಿರುಗಿಸುವವರಿಗೆ ಒಂದು ಲೆಕ್ಕ ಕೊಡುತ್ತೇನೆ. 2016ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ, ಅದುವರೆಗೆ ನಡೆದಿದ್ದ 19 ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿದ ಲೇಖನ ಬಂತು. ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಬೈಪೋಲಾರ್ ಇರುವವರಲ್ಲಿ ಬಾಲ್ಯದ ಪೆಟ್ಟು ಕಂಡುಬರುವ ಸಂಭವ ಎರಡೂವರೆ ಪಟ್ಟಿಗಿಂತ ಹೆಚ್ಚು. ಪೆಟ್ಟುಗಳಲ್ಲಿ ಯಾವುದರ ನಂಟು ಎಲ್ಲಕ್ಕಿಂತ ಗಟ್ಟಿ? ಬಾರುಕೋಲಿನ ಹೊಡೆತ ಅಲ್ಲ. ಮಾತಿನ ಹೊಡೆತ! ಹೀಯಾಳಿಕೆ, ಶಾಪ, 'ನೀನು ಯಾಕಾದರೂ ಹುಟ್ಟಿದೆ' ಎಂಬ ದಿನನಿತ್ಯದ ಮಂತ್ರ. ಅದರದು ನಾಲ್ಕು ಪಟ್ಟು. ಅಕ್ಕ ಶಾಲೆ ಬಿಟ್ಟವಳು, ಜರ್ನಲ್ ಓದಿದವಳಲ್ಲ.

ಹೆಣ್ಣು ಹುಟ್ಟಿದರೆ ಸಾಲ ಹುಟ್ಟಿತು ಅನ್ನುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ, ಬಸ್ಸಿನಲ್ಲಿ ಪಕ್ಕ ಕೂತವರನ್ನೇ ಕೇಳಿ. ಅದನ್ನು ಯಾರೂ ಹಿಂಸೆ ಅಂತ ಕರೆಯುವುದಿಲ್ಲ. ಬುದ್ಧಿ ಹೇಳುವುದು ಅನ್ನುತ್ತಾರೆ.

ಅದೇ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ 30 ಅಧ್ಯಯನ ಕೂಡಿಸಿದ ಇನ್ನೊಂದು ಲೆಕ್ಕ ಬಂತು. ಬಾಲ್ಯದಲ್ಲಿ ಹಿಂಸೆ ಉಂಡ ಬೈಪೋಲಾರ್ ರೋಗಿಗಳಿಗೆ ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತದೆ, ಏರೂ ಜೋರು, ಇಳಿಯೂ ಜೋರು, ಸುತ್ತುಗಳು ಬೇಗ ಬೇಗ, ಜೀವ ಕಳೆದುಕೊಳ್ಳುವ ಪ್ರಯತ್ನಗಳೂ ಹೆಚ್ಚು.

ನಮ್ಮ ರಾಜ್ಯದ್ದೇ ಒಂದು ಲೆಕ್ಕವೂ ಇದೆ. ನಿಮ್ಹಾನ್ಸ್‌ನಲ್ಲಿ ತೀವ್ರ ಮಾನಸಿಕ ಕಾಯಿಲೆಯಿಂದ ದಾಖಲಾದ 146 ಹೆಂಗಸರನ್ನು ಅಲ್ಲಿನವರೇ ಕೂರಿಸಿ ಕೇಳಿದರು. ವರದಿ ಬಂದದ್ದು 2003ರಲ್ಲಿ. 50 ಜನ ತಮಗೆ ಲೈಂಗಿಕ ಬಲವಂತ ಆಗಿದೆ ಅಂದರು. 24 ಜನಕ್ಕೆ ಗಂಡನಿಂದ, 10 ಜನಕ್ಕೆ ಮಾವ, ಚಿಕ್ಕಪ್ಪ, ದಾಯಾದಿಯಂಥ ನೆಂಟರಿಂದ. ಹೆಚ್ಚಿನವು ಮನೆಯೊಳಗೇ ಆದವು. ಇವರಲ್ಲಿ ಎಲ್ಲರಿಗೂ ಬೈಪೋಲಾರ್ ಇರಲಿಲ್ಲ, ಎಲ್ಲವೂ ಬಾಲ್ಯದಲ್ಲಿ ಆದದ್ದೂ ಅಲ್ಲ, ಅದು ಸರಿ. ಆದರೆ 50ರಲ್ಲಿ 30 ಹೆಂಗಸರು ಅಲ್ಲಿಯವರೆಗೆ ಅದನ್ನು ಯಾರ ಕಿವಿಗೂ ಹಾಕಿರಲಿಲ್ಲ. ಆಸ್ಪತ್ರೆ ಮಂಚದವರೆಗೆ ಬಂದು ಮಲಗಿದ್ದರು, ಬಾಯಿ ಬಿಟ್ಟಿರಲಿಲ್ಲ.

ಬಾಲ್ಯದ್ದೇ ಬೇಕು ಅಂದರೆ ಕೇಂದ್ರ ಸರ್ಕಾರದ್ದೇ 2007ರ ಅಧ್ಯಯನ ಇದೆ. 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದ್ದರು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಹೇಳಿಕೊಂಡರು. ಗಂಡುಮಕ್ಕಳೂ ಕಮ್ಮಿ ಇರಲಿಲ್ಲ, ಒಂದು ಕೈ ಹೆಚ್ಚೇ ಇದ್ದರು. ಪೋಕ್ಸೋ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರಿನಲ್ಲಿ. ಅಕ್ಕನ ಬಾಲ್ಯ ಅಷ್ಟೊತ್ತಿಗೆ ಮುಗಿದಿತ್ತು.

ಲಂಡನ್ನಿನ ದೊಡ್ಡಮನೆ

ಇದೆಲ್ಲ ಬಡವರ ಮನೆ, ಕುಡುಕರ ಮನೆ ಕಥೆ ಅಂದುಕೊಂಡವರಿಗೆ ಒಂದು ದೊಡ್ಡಮನೆ ತೋರಿಸುತ್ತೇನೆ. ಊರು ಲಂಡನ್. ಮಗಳ ಹೆಸರು ವರ್ಜೀನಿಯಾ, ಮುಂದೆ ವರ್ಜೀನಿಯಾ ವುಲ್ಫ್ ಎಂದು ಜಗತ್ತಿಗೇ ಗೊತ್ತಾದ ಕಾದಂಬರಿಗಾರ್ತಿ. ಹುಟ್ಟಿದ್ದು 1882ರಲ್ಲಿ. ಅಪ್ಪ ಹೆಸರಾಂತ ವಿದ್ವಾಂಸ. ಮನೆ ತುಂಬ ಪುಸ್ತಕ, ಆಳುಕಾಳು. 1895ರಲ್ಲಿ ತಾಯಿ ಹೋದರು, ಹುಡುಗಿಗೆ ಹದಿಮೂರು. ಎರಡು ವರ್ಷಕ್ಕೆ ತಾಯಿಯಂತೆ ನೋಡಿಕೊಳ್ಳುತ್ತಿದ್ದ ಅಕ್ಕನೂ ಹೋದಳು. ತಾಯಿಯ ಮೊದಲ ಮದುವೆಯ ಗಂಡುಮಕ್ಕಳಿಬ್ಬರು, ಅಂದರೆ ಅಣ್ಣಂದಿರೇ, ತನ್ನ ಮೈಮೇಲೆ ಕೈ ಹಾಕಿದ್ದನ್ನು ವರ್ಜೀನಿಯಾ ಮುಂದೆ ನೆನಪಿನ ಬರಹಗಳಲ್ಲಿ ತಾವೇ ಬರೆದಿಟ್ಟರು. ಆ ಬರಹಗಳು ಪುಸ್ತಕವಾಗಿ ಬಂದದ್ದು ಅವರು ಸತ್ತು ಎಷ್ಟೋ ವರ್ಷಕ್ಕೆ, 1976ರಲ್ಲಿ. ತಾಯಿ ಸತ್ತ ಮೇಲೆ ಶುರುವಾದ ಏರಿಳಿತ ಕೊನೆಯವರೆಗೂ ಬಿಡಲಿಲ್ಲ. ಆಗಿನ ಡಾಕ್ಟರುಗಳ ಮದ್ದು: ಹಾಸಿಗೆ ಬಿಟ್ಟು ಏಳಬೇಡ, ಹಾಲು ಕುಡಿ, ಬರೆಯಬೇಡ. 1941ರ ಮಾರ್ಚ್ 28ರಂದು ಆಕೆ ತಮ್ಮ ಜೀವ ತಾವೇ ಕಳೆದುಕೊಂಡರು. ಆ ಕಾಯಿಲೆ ಬೈಪೋಲಾರ್ ಎಂಬುದು ಮುಂದೆ ಅವರ ಬದುಕನ್ನು ಕೆದಕಿ ನೋಡಿದ ಅನೇಕ ವೈದ್ಯರ ಅಭಿಪ್ರಾಯ.

ಆದರೆ ಇಲ್ಲೇ ತಡೆಯಿರಿ. ಅಣ್ಣಂದಿರಿಂದಲೇ ಕಾಯಿಲೆ ಬಂತು ಎಂದು ತೀರ್ಪು ಕೊಡಲು ಆಗುವುದಿಲ್ಲ. ಅದೇ ವಂಶದಲ್ಲಿ ಅಪ್ಪನಿಗೆ ಆಗಾಗ ಖಿನ್ನತೆ ಕವಿಯುತ್ತಿತ್ತು. ದೊಡ್ಡಪ್ಪನ ಮಗನೊಬ್ಬ 1892ರಲ್ಲಿ ಹುಚ್ಚಾಸ್ಪತ್ರೆಯಲ್ಲೇ ಸತ್ತಿದ್ದ. ರಕ್ತದಲ್ಲಿ ಬಂದದ್ದೂ ಅದೇ ಮನೆಯಲ್ಲಿತ್ತು, ಮೈಮೇಲೆ ಬಿದ್ದ ಗಾಯವೂ ಅದೇ ಮನೆಯಲ್ಲಿತ್ತು. ಬಿಡಿಸಿ ನೋಡುವವರು ಯಾರು?

ಬೈಪೋಲಾರ್ ಬರುವುದರಲ್ಲಿ ವಂಶದ ಪಾಲೇ ದೊಡ್ಡದು. ಅವಳಿಜವಳಿಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನಗಳು ಆ ಪಾಲನ್ನು ನೂರಕ್ಕೆ 60ರಿಂದ 80ರಷ್ಟು, ಕೆಲವು ಇನ್ನೂ ಹೆಚ್ಚು, ಎಂದು ಲೆಕ್ಕ ಹಾಕಿವೆ. ಮುದ್ದಿನಿಂದ ಬೆಳೆದವರಿಗೂ ಈ ಕಾಯಿಲೆ ಬರುತ್ತದೆ. ಹಿಂಸೆ ಉಂಡು ಬೆಳೆದ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಇದು ಬರುವುದೇ ಇಲ್ಲ. ಹಾಗಾಗಿ ಮಗಳಿಗೆ ಬೈಪೋಲಾರ್ ಎಂದ ಕೂಡಲೇ ತಾಯಿ ತಂದೆಯನ್ನು ಕಟಕಟೆಗೆ ಹತ್ತಿಸಬೇಡಿ. ದುಃಖದಲ್ಲಿರುವವರಿಗೆ ಹಳೇ ದುಃಖವೇ ಹೆಚ್ಚು ನೆನಪಾಗುತ್ತದಲ್ಲ ಎಂದು ವಾದಿಸುವ ಪಂಡಿತರೂ ಇದ್ದಾರೆ. ಮಾತಿನಲ್ಲಿ ಸ್ವಲ್ಪ ತಿರುಳಿದೆ, ಒಪ್ಪಬೇಕು. ಆದರೆ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆಯವರು, ಕಾಯಿಲೆ ಹಿಡಿತದಲ್ಲಿದ್ದಾಗ ಕೇಳಿದರೂ ಉತ್ತರ ಒಂದೇ ದಿಕ್ಕಿಗೆ ಬಂದರೆ ಅದನ್ನು ಬರೀ ನೆನಪಿನ ಆಟ ಅಂತ ತಳ್ಳಿಹಾಕಲು ನನಗಂತೂ ಮನಸ್ಸಿಲ್ಲ.

ಹಸಿ ಗಿಲಾವಿನ ಮೇಲೆ ಬೆರಳು

ಹತ್ತಿಪ್ಪತ್ತು ವರ್ಷದ ಹಿಂದಿನ ಪೆಟ್ಟು ಈಗ ಯಾಕೆ ಏಳುತ್ತದೆ? ಗೋಡೆಗೆ ಗಿಲಾವು ಮಾಡಿದ ದಿನ ಮಗುವೊಂದು ಬೆರಳು ಒತ್ತಿದರೆ ಗುರುತು ಉಳಿಯುತ್ತದೆ. ಒಣಗಿದ ಮೇಲೆ ಒತ್ತಿದರೆ ಉಳಿಯದು. ಮಿದುಳೂ ಬಾಲ್ಯದಲ್ಲಿ ಹಸಿ. ಹೆದರಿಕೆ ಆದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಏರಬೇಕು, ಅಪಾಯ ದಾಟಿದ ಮೇಲೆ ಇಳಿಯಬೇಕು. ಅದು ಸರಿಯಾದ ವ್ಯವಸ್ಥೆ. ಆದರೆ ಹೆದರಿಸುವವನು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ದಿನಾ ಇದ್ದರೆ? ಇಳಿಯಲು ಪುರುಸೊತ್ತೇ ಇಲ್ಲ. ಭಯದ ಗಂಟೆ ಸಣ್ಣ ಸದ್ದಿಗೂ ಬಾರಿಸುವುದನ್ನು ಕಲಿಯುತ್ತದೆ. ಅಂಥ ಮಕ್ಕಳು ರಾತ್ರಿ ಒಂದು ಕಣ್ಣು ತೆರೆದೇ ಮಲಗುತ್ತಾರೆ.

ಬೈಪೋಲಾರ್ ಇರುವವರಿಗೆ ನಿದ್ದೆಯೇ ಆಧಾರ. ನಾಲ್ಕು ರಾತ್ರಿ ನಿದ್ದೆ ಕೆಟ್ಟರೆ ಉನ್ಮಾದ ಬಾಗಿಲು ತಟ್ಟುತ್ತದೆ. ಹೆರಿಗೆ ಆದಾಗ ಏನಾಗುತ್ತದೆ ನೋಡಿ: ಮೈಯ ರಸಗಳೆಲ್ಲ ಒಂದೇ ಸಲ ಏರುಪೇರು, ರಾತ್ರಿ ಇಡೀ ಎಚ್ಚರ. ಹುಟ್ಟಿನಿಂದ ಬಂದ ಒಲವಿರುವ ಹೆಣ್ಣು, ಮೊದಲೇ ಗಂಟೆ ಸಡಿಲವಾದವಳು, ಬಾಣಂತಿ ಕೋಣೆಯಲ್ಲಿ! ಜತೆಗೆ ಗಂಡು ಹಡೆಯಲಿಲ್ಲ ಎಂದು ಯಾರಾದರೂ ಒಂದು ಮಾತು ಅಂದರೆ ಕೇಳುವುದೇ ಬೇಡ.

ಎರಡು ಸೀರೆ ಮೇಲೆ ಮೂರನೆಯದು ಕೊಡಬೇಡಿ

ನರ್ಸಮ್ಮ ಕೇಳಿದ್ದರಿಂದ ಅಕ್ಕನ ಕಾಯಿಲೆ ವಾಸಿಯಾಯಿತೇ? ಇಲ್ಲ. ಮಾತಾಡಿ ಹಗುರವಾದೆ, ಇನ್ನು ಮಾತ್ರೆ ಬೇಡ ಎಂದು ಆಕೆಯೂ ಒಂದು ಸಲ ಬಿಟ್ಟು ನೋಡಿದಳು. ಆರು ವಾರಕ್ಕೆ ಮತ್ತೆ ನಿದ್ದೆ ಹೋಯಿತು. ಗಾಯದ ಮಾತು ಬೇರೆ, ಕಾಯಿಲೆಯ ಮದ್ದು ಬೇರೆ, ಎರಡೂ ಬೇಕು. ಮೊದಲು ಏರಿಳಿತ ಹಿಡಿತಕ್ಕೆ ಬರಬೇಕು. ಹಳೇ ಗಾಯದ ಬಗ್ಗೆ ಕೂತು ಮಾತಾಡುವುದು ಆಮೇಲೆ, ಅದನ್ನು ಬಲ್ಲವರ ಹತ್ತಿರ, ಆಕೆ ಎಷ್ಟು ಹೇಳಬೇಕೆನ್ನುತ್ತಾಳೋ ಅಷ್ಟು. ಕೆದಕಿ ಕೆದಕಿ ಕೇಳಿದರೆ ಅದೂ ಒಂದು ಹಿಂಸೆಯೇ.

ಹಾಗಿದ್ದರೆ ಕೇಳಿದ್ದರಿಂದ ಆದದ್ದೇನು? ಡಾಕ್ಟರಿಗೆ ಕಾಯಿಲೆಯ ಜಾತಕ ಸಿಕ್ಕಿತು. ಬೆಚ್ಚಿ ಏಳುವುದು, ಕದ ಹಾಕಿದರೆ ಉಸಿರು ಕಟ್ಟುವುದು ಬೈಪೋಲಾರ್ ಅಲ್ಲ, ಹಳೇ ಭಯ ಎಂದು ತಿಳಿಯಿತು. ಅದಕ್ಕೆ ಮಾತ್ರೆ ಏರಿಸುವುದು ನಿಂತಿತು. ಹಟಮಾರಿ ಅನ್ನಿಸಿಕೊಂಡಿದ್ದವಳು ಪರೀಕ್ಷೆ ಕೋಣೆಗೆ ಗಂಡಸು ಬಂದರೆ ಯಾಕೆ ಒದ್ದಾಡುತ್ತಿದ್ದಳು ಎಂಬುದೂ ತಿಳಿಯಿತು.

ಈಗ ಆಕೆ ತಿನ್ನುವುದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರ್ ಉನ್ಮಾದಕ್ಕೆ ಇದು ಹತ್ತುತ್ತದೆ ಎಂದು ತೋರಿಸಿದ. ವರ್ಜೀನಿಯಾ ವುಲ್ಫ್ ಹೋಗಿ ಎಂಟು ವರ್ಷಕ್ಕೆ. ಹಳೇ ಮಾತ್ರೆ, ಅಗ್ಗದ ಮಾತ್ರೆ, ಜೀವ ಕಳೆದುಕೊಳ್ಳುವ ಯೋಚನೆಯಿಂದ ಕಾಯುವುದರಲ್ಲಿ ಇದಕ್ಕೆ ಇವತ್ತಿಗೂ ಒಳ್ಳೆ ಹೆಸರು. ಆದರೆ ರಕ್ತದಲ್ಲಿ ಅದರ ಮಟ್ಟ ಆಗಾಗ ನೋಡಿಸಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ನಮ್ಮ ಊರಿಗೇ ಸಂಬಂಧಪಟ್ಟ ಮಾತು ಇನ್ನೊಂದಿದೆ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಬೆವರಿ, ವಾಂತಿ ಭೇದಿಯಾಗಿ ಮೈಯ ನೀರು ಉಪ್ಪು ಇಳಿದರೆ ಲಿಥಿಯಂ ಮಟ್ಟ ಏರಿಬಿಡುತ್ತದೆ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ಕೆಲವು ಗುಳಿಗೆಗಳಿಂದಲೂ ಏರುತ್ತದೆ. ಕೈ ನಡುಕ ಹೆಚ್ಚಿ, ವಾಂತಿಯಾಗಿ, ನಡಿಗೆ ತೂರಾಡಿದರೆ ಕುಡಿದಿದ್ದಾಳೆ ಅನ್ನಬೇಡಿ, ಆಸ್ಪತ್ರೆಗೆ ನಡೆಯಿರಿ. ಮೆಡಿಕಲ್ ಷಾಪಿನವರಿಗೂ ಇದು ನೆನಪಿದ್ದರೆ ಒಳ್ಳೆಯದು. ಇದೇ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್ ಎಂಬ ಇನ್ನೊಂದು ಮಾತ್ರೆ ಗರ್ಭದಲ್ಲಿರುವ ಕೂಸಿಗೆ ಕೆಡುಕು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಬೇಕು. ಹಾಗೆಂದು ತಾವೇ ದಿಢೀರನೆ ಮಾತ್ರೆ ನಿಲ್ಲಿಸಲೂಬಾರದು.

ಇನ್ನು ಬಟ್ಟೆ ಅಂಗಡಿ. ಅಕ್ಕ ಸುಧಾರಿಸಿದ ಮೇಲೆ ತಮ್ಮನ ಜತೆ ಹೋಗಿ ಬಾಕಿ ತೀರಿಸಿ ಯಜಮಾನರಿಗೆ ಒಂದು ಮಾತು ಹೇಳಿ ಬಂದಳು: "ಎರಡು ಸೀರೆ ಮ್ಯಾಲೆ ಮೂರನೇದು ಕೇಳಿದ್ರೆ ಕೊಡಬ್ಯಾಡ್ರಿ. ಬೈದ್ರೂ ಕೊಡಬ್ಯಾಡ್ರಿ. ಇವನಿಗೆ ಒಂದು ಫೋನ್ ಮಾಡ್ರಿ." ಯಜಮಾನರು ಖಾತೆ ಪುಸ್ತಕದ ಮೊದಲ ಪುಟದಲ್ಲಿ ತಮ್ಮನ ನಂಬರ್ ಬರೆದುಕೊಂಡಿದ್ದಾರೆ. ಇದುವರೆಗೆ ಒಂದು ಸಲ ಫೋನ್ ಮಾಡಿದ್ದಾರೆ. ಅದೇ ವಾರ ಆಸ್ಪತ್ರೆಗೆ ಒಯ್ದರು, ಈ ಸಲ ದಾಖಲಾಗುವ ಹೊತ್ತೇ ಬರಲಿಲ್ಲ.

2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಆ 2017ರ ಕಾಯ್ದೆ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಬುದ್ಧಿ ನೆಟ್ಟಗಿರುವಾಗ, ಮುಂದೆ ಕಾಯಿಲೆ ಏರಿದರೆ ನನಗೆ ಇಂಥ ಚಿಕ್ಕಿತ್ಸೆ ಕೊಡಿ, ಇಂಥದ್ದು ಬೇಡ ಎಂದು ಬರೆದಿಡಬಹುದು. ತನ್ನ ಪರವಾಗಿ ಮಾತಾಡಲು ತನಗೆ ನಂಬಿಕೆ ಇರುವವರನ್ನು ಹೆಸರಿಸಬಹುದು, ಅದು ಗಂಡನೇ ಆಗಬೇಕೆಂದಿಲ್ಲ. ಡಾಕ್ಟರಿಗೆ ಹೇಳಿದ್ದು ಗುಟ್ಟಾಗಿ ಉಳಿಯಬೇಕು. ಸರಪಳಿ ಹಾಕುವಂತಿಲ್ಲ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಬೆಂದುಹೋದದ್ದು ಹಿರಿಯ ಓದುಗರಿಗೆ ನೆನಪಿರಬಹುದು.

ಮಾದರಿ ಕೊಟ್ಟ ಜಿಲ್ಲೆ

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆ ಇದೆ. ಗಣಿ ಧೂಳಿನಲ್ಲಿ ಅದು ಮುಚ್ಚಿಹೋಗಿದೆ. ಮಾನಸಿಕ ಕಾಯಿಲೆಗೆ ಬೆಂಗಳೂರು ಧಾರವಾಡಕ್ಕೇ ಓಡಬೇಕಿಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ನೋಡಬಹುದು ಎಂದು ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಮಾಡಿ ತೋರಿಸಿದ್ದು ಬೇರೆಲ್ಲೂ ಅಲ್ಲ, ಬಳ್ಳಾರಿ ಜಿಲ್ಲೆಯಲ್ಲಿ. ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು, ಬೇಕಾದ ನಾಲ್ಕಾರು ಮಾತ್ರೆ ಕೇಂದ್ರಗಳಿಗೇ ಮುಟ್ಟಿಸಿದರು. 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದರ ಅಚ್ಚು 'ಬಳ್ಳಾರಿ ಮಾದರಿ'. ದಿಲ್ಲಿಯ ಕಡತದಲ್ಲಿ ನಮ್ಮ ಊರಿನ ಹೆಸರು ಹೀಗೂ ಇದೆ ಎಂದರೆ ಮೋತಿ ಸರ್ಕಲ್‌ನಲ್ಲಿ ಎಷ್ಟು ಜನ ನಂಬುತ್ತಾರೋ!

ಮಾತ್ರೆ ಹಳ್ಳಿಗೆ ಬಂತು. ಬರಬೇಕಾದ್ದು ಪ್ರಶ್ನೆ. ಆಶಾ ಕಾರ್ಯಕರ್ತೆಯರು ಬಾಣಂತಿ ಮನೆಗೆ ಹೋಗಿ ಮಗುವಿನ ತೂಕ ಕೇಳುತ್ತಾರೆ, ಚುಚ್ಚುಮದ್ದು ಕೇಳುತ್ತಾರೆ. 'ರಾತ್ರಿ ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ?' ಎಂಬ ಒಂದು ಮಾತು ಸೇರಿಸಲು ಖರ್ಚೇನೂ ಇಲ್ಲ. ಹಿಂದಿನ ಹೆರಿಗೆಯಲ್ಲಿ ಸನ್ನಿ ಆಗಿತ್ತೇ ಎಂದು ತಾಯಿ ಕಾರ್ಡಿನಲ್ಲಿ ಬರೆಯಲು ಅರ್ಧ ಗೆರೆ ಸಾಕು. ಆಸ್ಪತ್ರೆಯಲ್ಲಿ ಹೆಂಗಸೊಬ್ಬಳನ್ನು ಅತ್ತೆ, ಗಂಡ, ಅಪ್ಪ ಇಲ್ಲದ ಕೋಣೆಯಲ್ಲಿ ಐದು ನಿಮಿಷ ಒಬ್ಬಳನ್ನೇ ಕೂರಿಸಿ ಮಾತಾಡಿಸಲು ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಟೆಂಡರ್ ಇಲ್ಲದ ಕೆಲಸ ಆದ್ದರಿಂದಲೇ ಆಗಿಲ್ಲವೋ ಏನೋ!

ದುಡ್ಡಿಲ್ಲದೆ, ಹೆಸರು ಹೇಳದೆ, ಕನ್ನಡದಲ್ಲೇ ಮಾತಾಡಬಹುದಾದ ನಂಬರ್ ಒಂದಿದೆ: 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಸಿಗುತ್ತದೆ. ಸಾಯುವ ಯೋಚನೆ ಬಂದವರು, ಅಂಥವರ ಜತೆ ಇರುವವರು ಬೆಳಗಾಗಲಿ ಎಂದು ಕಾಯಬಾರದು. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಎಂದು ಗೊತ್ತಾದರೆ 1098.

ಅಕ್ಕನ ಮಗಳಿಗೆ ಈಗ ಒಂಬತ್ತು. ಬೇಸಿಗೆ ರಜೆಗೆ ನೆಂಟರ ಮನೆಗೆ ಕಳಿಸು ಎಂದು ಗಂಡನ ಕಡೆಯವರು ಪ್ರತಿ ವರ್ಷ ಕೇಳುತ್ತಾರೆ. ಕಳಿಸುವುದಿಲ್ಲ. ಕಾರಣವನ್ನೂ ಹೇಳುವುದಿಲ್ಲ. ಮಗಳಿಗೂ ಈ ಕಾಯಿಲೆ ಬರುತ್ತಾ ಎಂದು ಡಾಕ್ಟರನ್ನು ಕೇಳಿದ್ದಾಳೆ. ತಾಯಿ ತಂದೆಯಲ್ಲಿ ಒಬ್ಬರಿಗೆ ಇದ್ದರೆ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಬರಬಹುದು, ಉಳಿದವರಿಗಿಲ್ಲ ಎಂಬುದು ಸಿಕ್ಕ ಉತ್ತರ. "ತೊಂಬತ್ತು ನಮ್ ಕಡೀಗೆ ಐತೆ ಬಿಡಣ್ಣಾ" ಅಂದಳು. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಕರೆ ಬಂತು. ಆವತ್ತು ಎಂಬತ್ತು ಪೀಸ್ ಬಾಕಿ ಇತ್ತು. ಕತ್ತಲಾಗುವುದರೊಳಗೆ ಮುಗಿಸಬೇಕು, ರಾತ್ರಿ ಪಾಳಿ ಒಲ್ಲೆ ಎಂದು ಮಾಲೀಕರಿಗೆ ಮೊದಲೇ ಹೇಳಿಟ್ಟಿದ್ದಾಳೆ.